ನಲವತ್ತು ಅಡಿ ನೈಟ್ರೇಟ್: ಆಟಿಕೆ ಪ್ರೊಜೆಕ್ಟರಿನ ಡಬ್ಬಿಯಿಂದ ಆರು ತುಂಡು

ಕೈಗೆ ಬಂದದ್ದು ತುಕ್ಕು ಹಿಡಿದ ಒಂದು ತವರದ ಡಬ್ಬಿ. ಒಳಗೆ 35 ಮಿ.ಮೀ. ಫಿಲ್ಮಿನ ಆರು ತುಂಡು, ಒಂದರೊಳಗೊಂದು ಸುತ್ತಿಟ್ಟದ್ದು. ಜೊತೆಗೆ ಕೈಯಲ್ಲಿ ತಿರುಗಿಸುವ ಆಟಿಕೆ ಪ್ರೊಜೆಕ್ಟರ್. ದೀಪ ಇಲ್ಲ, ಹಿಡಿ ಮುರಿದಿದೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಬಿಂಗ್, ಅರ್ನ್ಸ್ಟ್ ಪ್ಲಾಂಕ್ ಕಂಪನಿಗಳು, ಅಮೆರಿಕದ ಕೀಸ್ಟೋನ್ ಕಂಪನಿ ಇಂಥ ತಗಡಿನ ಯಂತ್ರಗಳನ್ನು ಮಕ್ಕಳಿಗಾಗಿ ಮಾರುತ್ತಿದ್ದವು. ಯಂತ್ರದ ಜೊತೆ ಕೊಡುತ್ತಿದ್ದ ಫಿಲ್ಮು ಹೊಸದಲ್ಲ. ಚಿತ್ರಮಂದಿರಗಳಲ್ಲಿ ಓಡಿ ಸವೆದ ಪ್ರಿಂಟುಗಳನ್ನು ಕತ್ತರಿಸಿ, ಇಷ್ಟು ಅಡಿಗೆ ಇಷ್ಟು ಎಂದು ಮಾರಿದ ಚೂರು. ಕತ್ತರಿಸಿದವನಿಗೆ ಅದು ಯಾವ ಚಿತ್ರ ಎಂಬುದು ಬೇಕಿರಲಿಲ್ಲ. ನಮಗೆ ಬೇಕಿರುವುದು ಅದೊಂದೇ.

ಇಂಥ ಚೂರುಗಳಿಗೆ ಬೆಲೆ ಬಂದದ್ದು ಪೂರ್ಣ ಪ್ರಿಂಟುಗಳು ಹೋದ ಮೇಲೆ. ಅಮೆರಿಕದಲ್ಲಿ ತಯಾರಾದ 11 ಸಾವಿರದಷ್ಟು ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದದ್ದು ಶೇ. 14 ಎಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಕೊಟ್ಟಿತು. ಥೀಡಾ ಬಾರಾ ನಟಿಸಿದ 'ಕ್ಲಿಯೋಪಾತ್ರಾ' (1917) ಫಾಕ್ಸ್ ಕಂಪನಿಯ ಉಗ್ರಾಣಕ್ಕೆ 1937ರಲ್ಲಿ ಬೆಂಕಿ ಬಿದ್ದ ಮೇಲೆ ಕಳೆದುಹೋದ ಚಿತ್ರಗಳ ಪಟ್ಟಿ ಸೇರಿತು. ಅದರ ಒಂದು ನಿಮಿಷವೂ ಇಲ್ಲದ ತುಂಡು ಈಚೆಗೆ ಸಿಕ್ಕಿದ್ದು ಇಂಥದೇ ಆಟಿಕೆ ಪ್ರೊಜೆಕ್ಟರಿನ ಫಿಲ್ಮಿನಲ್ಲಿ.

ಈ ಕೆಲಸಕ್ಕೆ ಇಟ್ಟುಕೊಂಡ ಕಟ್ಟಳೆ ಒಂದೇ: ಅಂಚಿನಿಂದ ಅಂಚಿನವರೆಗೆ ಚಿತ್ರ ತೆಗೆಯುವ ಮುಂಚೆ ಏನನ್ನೂ ಒರೆಸುವುದಿಲ್ಲ, ಅಂಟಿಸುವುದಿಲ್ಲ, ಕತ್ತರಿಸುವುದಿಲ್ಲ. ಚೂರಿನ ಹೆಸರು, ವಯಸ್ಸು, ಕುಲಗೋತ್ರ ಸಾಮಾನ್ಯವಾಗಿ ಸಿಗುವುದು ಚಿತ್ರದಲ್ಲಲ್ಲ, ಅಂಚಿನಲ್ಲಿ ಮತ್ತು ಜಾಯಿಂಟಿನಲ್ಲಿ. ಉತ್ಸಾಹದಿಂದ ರಿಪೇರಿಗೆ ಇಳಿದವರು ಮೊದಲು ಅಳಿಸುವುದೂ ಅವನ್ನೇ.

ಡಬ್ಬಿ ತೆರೆಯುವ ಮೊದಲು

ಮೂಕಿ ಕಾಲದ 35 ಮಿ.ಮೀ. ಎಂದರೆ ಬೇರೆ ರುಜುವಾತು ಸಿಗುವವರೆಗೆ ನೈಟ್ರೇಟ್, ಅಂದರೆ ಬೇಗ ಹೊತ್ತಿಕೊಳ್ಳುವ ಸೆಲ್ಯುಲೋಸ್ ನೈಟ್ರೇಟಿನ ಫಿಲ್ಮು, ಎಂದೇ ತಿಳಿಯಬೇಕು. ಕೊಡಾಕ್ ನೈಟ್ರೇಟ್ ತಯಾರಿಕೆ ನಿಲ್ಲಿಸಿದ್ದು 1951ರಲ್ಲಿ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಮುಚ್ಚಿ, ಉಸಿರುಗಟ್ಟಿಸಿ ಆರಿಸಲು ಬರುವುದಿಲ್ಲ. ನೀರಿನಲ್ಲಿ ಮುಳುಗಿಸಿದರೂ ಒಳಗೆ ಉರಿಯುತ್ತಲೇ ಇರುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರು ಇದಕ್ಕೆ ಕೆಲಸಕ್ಕೆ ಬಾರದು. ಧಾರಾಳ ನೀರು ತಂಪು ಮಾಡೀತು, ಅಷ್ಟೇ. ಹೊಗೆಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಇರುತ್ತದೆ. ಆದ್ದರಿಂದ ಹೊತ್ತಿಕೊಂಡರೆ ಮಾಡಬೇಕಾದ್ದು ಹೊರಗೆ ಓಡುವುದು. ಕೊಳೆತ ನೈಟ್ರೇಟ್ 41 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಹಳ ಹೊತ್ತು ಇದ್ದರೆ ತಾನಾಗಿ ಹೊತ್ತಿಕೊಳ್ಳಬಲ್ಲದು. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಅಟ್ಟದ ಮೇಲಿನ ಟ್ರಂಕಿಗೆ ಅದೇನೂ ದೊಡ್ಡ ಶಾಖವಲ್ಲ.

ಎರಡೂ ಕಡೆ ಕಿಟಕಿ ಇರುವ ಕೋಣೆ, ಕಾಂಕ್ರೀಟ್ ನೆಲ, ಹತ್ತಿರದಲ್ಲಿ ಒಲೆ, ಹೀಟರು, ಬೆಂಕಿಕಡ್ಡಿ ಯಾವುದೂ ಇಲ್ಲ. ಒಂದು ಸಲಕ್ಕೆ ಒಂದೇ ತುಂಡು ಮೇಜಿನ ಮೇಲೆ. ಉಳಿದವು ಪಕ್ಕದ ಕೋಣೆಯಲ್ಲಿ. ಕೈಗೆ ನೈಟ್ರೈಲ್ ಗವಸು. ಹತ್ತಿಯ ಗವಸು ಬೇಡ, ಅದರ ಎಳೆ ಫಿಲ್ಮಿನ ಅಂಚಿನ ಹರಿದ ತೂತಿಗೆ ಸಿಕ್ಕಿಕೊಂಡು ಹರಿದದ್ದನ್ನು ಇನ್ನಷ್ಟು ಹರಿಯುತ್ತದೆ.

ಮುಚ್ಚಳ ತೆಗೆದಾಗ ಬಂದ ವಾಸನೆ ಹಳೆಯ ಕಾಲುಚೀಲದಂಥದ್ದು, ಸ್ವಲ್ಪ ಹುಳಿ. ನೈಟ್ರೇಟ್ ಕೊಳೆಯುವ ಹಂತಗಳನ್ನು ಐದಾಗಿ ಹೇಳುವ ರೂಢಿ ಇದೆ. ಮೊದಲು ಚಿತ್ರ ಮಾಸಿ ಕಂದು ಹಳದಿಗೆ ತಿರುಗುತ್ತದೆ, ಆಮೇಲೆ ಎಮಲ್ಷನ್ (ಚಿತ್ರ ಹಿಡಿದಿರುವ ಜಿಲಾಟಿನ್ ಪದರ) ಅಂಟಂಟಾಗುತ್ತದೆ, ಮೂರರಲ್ಲಿ ಗುಳ್ಳೆ ಏಳುತ್ತದೆ, ನಾಲ್ಕರಲ್ಲಿ ಸುರುಳಿಯೆಲ್ಲ ಒಂದೇ ಗಟ್ಟಿ, ಐದರಲ್ಲಿ ಕಂದು ಪುಡಿ. ಮೊದಲೆರಡು ಹಂತದಲ್ಲಿ ಪೂರ್ತಿ ನಕಲು ಮಾಡಬಹುದು, ಮೂರರಲ್ಲಿ ಭಾಗಶಃ. ಈ ಡಬ್ಬಿಯಲ್ಲಿ ನಾಲ್ಕು ತುಂಡು ಮೊದಲ ಹಂತದ್ದು, ಒಂದು ಎರಡನೆಯದ್ದು. ಇನ್ನೊಂದು ನೈಟ್ರೇಟೇ ಅಲ್ಲ, ಆ ವಿಷಯ ಮುಂದೆ ಬರುತ್ತದೆ.

ಎಣಿಸಿದ ಲೆಕ್ಕ: ತುಂಡು 1ರಲ್ಲಿ 212 ಫ್ರೇಮ್, ತುಂಡು 2ರಲ್ಲಿ 148, ತುಂಡು 3ರಲ್ಲಿ 131, ತುಂಡು 4ರಲ್ಲಿ 96, ತುಂಡು 5ರಲ್ಲಿ 41. ತುಂಡು 6 ಸುತ್ತಿದಂತೆಯೇ ಅಂಟಿಕೊಂಡಿದೆ. ಹೊರಸುತ್ತಿನಲ್ಲಿ 9 ಫ್ರೇಮ್ ಕಾಣುತ್ತವೆ, ಸುತ್ತು ಎಣಿಸಿದರೆ ಒಳಗೆ ಇನ್ನೂ 15ರಷ್ಟು ಇರಬೇಕು. 35 ಮಿ.ಮೀ.ಗೆ ಅಡಿಗೆ 16 ಫ್ರೇಮ್, ಅಲ್ಲಿಗೆ ಎಲ್ಲ ಸೇರಿ 41 ಅಡಿಗೆ ತುಸು ಕಡಿಮೆ.

ನೈಟ್ರೇಟೋ ಸೇಫ್ಟಿಯೋ

ತುದಿ ಕತ್ತರಿಸಿ ಬೆಂಕಿ ಹಚ್ಚಿ ನೋಡಿ ಎಂಬ ಸಲಹೆ ಇನ್ನೂ ಓಡಾಡುತ್ತಿದೆ. ಟ್ರೈಕ್ಲೋರೋಎಥಿಲೀನ್ ದ್ರವದಲ್ಲಿ ಚೂರು ಹಾಕಿ ಮುಳುಗುತ್ತದೋ ತೇಲುತ್ತದೋ ನೋಡುವ ವಿಧಾನವೂ ಇದೆ. ಎರಡೂ ಬೇಡ. ಮೊದಲನೆಯದು ಅಪಾಯ, ಎರಡನೆಯದು ವಿಷ, ಎರಡರಲ್ಲೂ ಫಿಲ್ಮು ನಷ್ಟ. 10 ಪಟ್ಟು ದೊಡ್ಡದಾಗಿ ಕಾಣುವ ಲೂಪ್ ಹಿಡಿದು ಅಂಚು ಓದಿದರೆ ಬಹುತೇಕ ಕೆಲಸ ಮುಗಿಯುತ್ತದೆ.

ಅಂಚಿನ ಅಕ್ಷರ ಓದುವಾಗ ಅದರ ಬಣ್ಣ ನೋಡಬೇಕು. ಪಾಸಿಟಿವ್ ಪ್ರಿಂಟಿನಲ್ಲಿ ಪಾರದರ್ಶಕ ಅಂಚಿನ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಈ ಫಿಲ್ಮಿನದೇ ಗುರುತು. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಇದ್ದರೆ ಅದು ನೆಗೆಟಿವ್‌ನಿಂದ ಬೆಳಕಿನ ಮೂಲಕ ದಾಟಿ ಬಂದ ಗುರುತು, ಎಂದರೆ ಹಿಂದಿನ ತಲೆಮಾರಿನದು. ತುಂಡು 4ರಲ್ಲಿ ಬಿಳಿ ಅಕ್ಷರದಲ್ಲಿ 'ನೈಟ್ರೇಟ್' ಎಂದೂ ಕಪ್ಪು ಅಕ್ಷರದಲ್ಲಿ 'ಸೇಫ್ಟಿ' ಎಂದೂ ಇದೆ. ಎರಡೂ ನಿಜ. ನೈಟ್ರೇಟ್ ನೆಗೆಟಿವ್‌ನಿಂದ ಮುಂದೆ ಯಾವಾಗಲೋ ಅಸಿಟೇಟ್ ಮೇಲೆ, ಅಂದರೆ ಸುಲಭವಾಗಿ ಹೊತ್ತಿಕೊಳ್ಳದ ಸೇಫ್ಟಿ ಫಿಲ್ಮಿನ ಮೇಲೆ, ತೆಗೆದ ಮರುಪ್ರಿಂಟ್ ಅದು. ಅದನ್ನು ಆ ಹೊತ್ತಿಗೇ ಬೇರೆ ಡಬ್ಬಿಗೆ ಹಾಕಿದ್ದಾಯಿತು. ನೈಟ್ರೇಟಿನಿಂದ ಹೊಮ್ಮುವ ಅನಿಲ ಅಸಿಟೇಟನ್ನೂ ಕೆಡಿಸುತ್ತದೆ. ಅಸಿಟೇಟ್ ಕೆಟ್ಟರೆ ವಿನೆಗರ್ ವಾಸನೆ ಬರಬೇಕು, ಇದರಲ್ಲಿ ಅದಿಲ್ಲ.

ಎಷ್ಟು ಕುಗ್ಗಿದೆ

ಯಾವ ಯಂತ್ರದಲ್ಲಿ ಹಾಕಬಹುದು, ಹಾಕಬಾರದು ಎಂದು ತೀರ್ಮಾನಿಸುವುದು ಈ ಅಳತೆ. ಮೂಲದಲ್ಲಿ ಪಾಸಿಟಿವ್ ಫಿಲ್ಮಿನ ಒಂದು ತೂತಿನ ಮೇಲಂಚಿನಿಂದ ಮುಂದಿನ ತೂತಿನ ಮೇಲಂಚಿಗೆ 4.75 ಮಿ.ಮೀ., ಫ್ರೇಮಿಗೆ ನಾಲ್ಕು ತೂತು. 80 ತೂತಿಗೆ, ಅಂದರೆ 20 ಫ್ರೇಮಿಗೆ, 380 ಮಿ.ಮೀ. ಬರಬೇಕು. ಉಕ್ಕಿನ ಸ್ಕೇಲಿನ ಪಕ್ಕ ಫಿಲ್ಮನ್ನು ಎಳೆಯದೆ ಮಲಗಿಸಿ, 1ನೇ ತೂತಿನ ಮೇಲಂಚಿನಿಂದ 81ನೇ ತೂತಿನ ಮೇಲಂಚಿಗೆ ಅಳೆಯಬೇಕು. 80ನೆಯದಕ್ಕೆ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಇಲ್ಲದ 1.25 ಶೇಕಡಾ ಕುಗ್ಗು ಕಾಣಿಸುತ್ತದೆ.

ಸಿಕ್ಕ ಅಂಕಿ: ತುಂಡು 1 376.4 ಮಿ.ಮೀ. (ಶೇ. 0.95), ತುಂಡು 2 375.9 (ಶೇ. 1.08), ತುಂಡು 3 374.7 (ಶೇ. 1.39), ತುಂಡು 5 376.0 (ಶೇ. 1.05). ಅಸಿಟೇಟಿನ ತುಂಡು 4 378.9, ಶೇ. 0.29 ಮಾತ್ರ. ಶೇ. 1ರ ಆಚೆ ಹೋದ ಫಿಲ್ಮನ್ನು ಹಲ್ಲುಚಕ್ರದ ಸಾಮಾನ್ಯ ಯಂತ್ರದಲ್ಲಿ ಓಡಿಸಿದರೆ ಹಲ್ಲು ತೂತಿನ ನಡುವೆ ಕೂರದೆ ಅಂಚನ್ನು ಮೆಟ್ಟುತ್ತದೆ. ಜೊತೆಗೆ ಬಂದ ಆಟಿಕೆ ಪ್ರೊಜೆಕ್ಟರಿನಲ್ಲಿ ಒಂದು ಸಲ ಓಡಿಸಿ ನೋಡೋಣ ಎಂಬ ಆಸೆ ಯಾರಿಗಾದರೂ ಬರುತ್ತದೆ. ಫಿಲ್ಮನ್ನು ಕೆಳಕ್ಕೆಳೆಯುವ ಅದರ ಒಂದೇ ಉಗುರು ಈ ತೂತುಗಳನ್ನು ಹರಿದಿರುವುದು ಕಣ್ಣೆದುರಿಗೇ ಇದೆ.

ಹಾಗಾಗಿ ಹಲ್ಲಿಲ್ಲದ, ಮೋಟರಿಲ್ಲದ, ಕೈಯಲ್ಲಿ ಒಂದೊಂದೇ ಫ್ರೇಮ್ ಸರಿಸುವ ಚೌಕಟ್ಟು. ಸಾವಿರಾರು ಅಡಿಗೆ ಇದು ಹುಚ್ಚುತನ. 40 ಅಡಿಗೆ ಇದಕ್ಕಿಂತ ಸುರಕ್ಷಿತ ದಾರಿ ಇಲ್ಲ.

ಗೇಟು, ಮೂರು ಸಲ

ಗೇಟು ಎಂದರೆ ಫಿಲ್ಮನ್ನು ಕ್ಯಾಮೆರಾ ಎದುರು ಚಪ್ಪಟೆಯಾಗಿ ಹಿಡಿಯುವ ಕಿಟಕಿ. ಮೊದಲನೆಯದು: 3 ಮಿ.ಮೀ. ಕಪ್ಪು ಅಕ್ರಿಲಿಕ್ ಹಾಳೆಯಲ್ಲಿ 36×26 ಮಿ.ಮೀ. ಕಿಟಕಿ, ಎರಡು ಬದಿಗೆ ಹಳಿಯಂತೆ 0.4 ಮಿ.ಮೀ. ದಪ್ಪದ ಪಟ್ಟಿ. ಫಿಲ್ಮಿನ ದಪ್ಪ 0.15 ಮಿ.ಮೀ.ಯಷ್ಟು, ಜಾಯಿಂಟಿನಲ್ಲಿ ಅದರ ಎರಡರಷ್ಟು, ಅದಕ್ಕೇ 0.4. ತೂತು, ಅಂಚು ಎಲ್ಲ ಕಾಣಬೇಕೆಂದು ಕಿಟಕಿಯನ್ನು ಫಿಲ್ಮಿಗಿಂತ ಅಗಲ ಇಟ್ಟದ್ದು ಎಡವಟ್ಟಾಯಿತು. ಆಸರೆ ಇಲ್ಲದೆ ಅಂಚು ಕೆಳಗೆ ಜೋತು, ನಡುವೆ ಬೆನ್ನು ಉಬ್ಬಿತು. ಎತ್ತರದ ವ್ಯತ್ಯಾಸ ಅರ್ಧ ಮಿ.ಮೀ. 1:1 ಗಾತ್ರದಲ್ಲಿ ಎಫ್ 8 ಇಟ್ಟರೂ ಫೋಕಸ್ ಸಿಗುವ ಆಳ 0.4 ಮಿ.ಮೀ. ಒಳಗೆ. ನಡು ಸ್ಪಷ್ಟವಾದರೆ ಅಂಚು ಮಸುಕು.

ಎರಡನೆಯದರಲ್ಲಿ ಕಿಟಕಿಯ ಮೇಲೆ 2 ಮಿ.ಮೀ. ಸಾದಾ ಗಾಜು, ಅದರ ಮೇಲೆ ಫಿಲ್ಮು. ಚಪ್ಪಟೆಯಾಗಿ ಕೂತಿತು, ಆದರೆ ಆಕಾಶದ ಭಾಗದಲ್ಲೆಲ್ಲ ಕಾಮನಬಿಲ್ಲಿನ ಉಂಗುರ. ಫಿಲ್ಮಿನ ಬೆನ್ನೂ ನುಣುಪು, ಗಾಜೂ ನುಣುಪು. ನಡುವೆ ಸಿಕ್ಕಿದ ಗಾಳಿಯ ತೆಳುಪದರದಿಂದ ಬರುವ ನ್ಯೂಟನ್ ಉಂಗುರ ಅದು. ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯುತ್ತೇನೆ ಎಂದು ಬಿಡುವಂಥದ್ದಲ್ಲ, ಫ್ರೇಮಿನಿಂದ ಫ್ರೇಮಿಗೆ ಜಾಗ ಬದಲಿಸುತ್ತದೆ.

ಮೂರನೆಯದು ನಿಂತಿತು. ಕೆಳಗೆ ಆಂಟಿ ನ್ಯೂಟನ್ ಗಾಜು, ತರಿ ಇರುವ ಮುಖ ಮೇಲಕ್ಕೆ, ಅದರ ಮೇಲೆ ಫಿಲ್ಮಿನ ಬೆನ್ನು, ಎಮಲ್ಷನ್ ಕ್ಯಾಮೆರಾ ಕಡೆಗೆ. ಎಮಲ್ಷನ್ ಮೇಲೆ ಗಾಜು ಇಲ್ಲ. ಕಿಟಕಿಯ ಆಚೀಚೆ ಮಾತ್ರ ಒತ್ತುವಂತೆ ವೆಲ್ವೆಟ್ ಬಟ್ಟೆ ಅಂಟಿಸಿದ 30 ಗ್ರಾಂ ತೂಕದ ಅಲ್ಯೂಮಿನಿಯಂ ಚೌಕಟ್ಟು; ಫ್ರೇಮ್ ಸರಿಸುವಾಗ ಪ್ರತಿ ಸಲ ಎತ್ತಬೇಕು. ಎತ್ತದೆ ಎಳೆದರೆ ಹರಿದ ತೂತಿನ ಚೂಪು ವೆಲ್ವೆಟ್ಟಿಗೆ ಕಚ್ಚುತ್ತದೆ. ಒಂದು ಬದಿಯ ಹಳಿ ಅಚಲ, ಇನ್ನೊಂದು ಬದಿಗೆ ತೆಳು ಪಾಲಿಯೆಸ್ಟರ್ ಹಾಳೆಯ ಸ್ಪ್ರಿಂಗು. ಫಿಲ್ಮಿನ ಅಗಲವೂ ಕುಗ್ಗಿ 34.7 ಮಿ.ಮೀ. ಆಗಿರುವಾಗ ಎರಡೂ ಬದಿ ಅಚಲವಾಗಿದ್ದರೆ ಚಿತ್ರ ಅಡ್ಡಕ್ಕೆ ಓಲಾಡುತ್ತದೆ.

ಗಾಜಿನ ಮೇಲೆ ಕೂತ ದೂಳು ಎಲ್ಲ ಫ್ರೇಮಿನಲ್ಲೂ ಒಂದೇ ಜಾಗದಲ್ಲಿ ಕಾಣುತ್ತದೆ. 50 ಫ್ರೇಮಿಗೊಮ್ಮೆ ಖಾಲಿ ಗೇಟಿನ ಒಂದು ಚಿತ್ರ ತೆಗೆದಿಟ್ಟರೆ ಯಾವುದು ಫಿಲ್ಮಿನ ಕಲೆ, ಯಾವುದು ಗಾಜಿನದು ಎಂದು ಆಮೇಲೆ ಜಗಳವಿಲ್ಲ.

ಬೆಳಕು, ಕ್ಯಾಮೆರಾ

ಬೆಳಕಿಗೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 95ಕ್ಕಿಂತ ಮೇಲಿನ ಎಲ್‌ಇಡಿ ಫಲಕ, ಅದರ ಮೇಲೆ 3 ಮಿ.ಮೀ. ಹಾಲುಬಿಳಿ ಅಕ್ರಿಲಿಕ್, ಫಿಲ್ಮಿನಿಂದ 30 ಮಿ.ಮೀ. ಕೆಳಗೆ. ಇನ್ನೂ ಹತ್ತಿರ ತಂದರೆ ಅಕ್ರಿಲಿಕ್ ಮೇಲಿನ ಗೀರು ಚಿತ್ರದಲ್ಲಿ ಇಣುಕುತ್ತದೆ. ಡಿಮ್ಮರ್ ಇರುವ ಅಗ್ಗದ ಫಲಕಗಳು ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸಿ ಬೆಳಕು ಕಡಿಮೆ ಮಾಡುತ್ತವೆ. ಎಲೆಕ್ಟ್ರಾನಿಕ್ ಶಟರಿನಲ್ಲಿ ಅದು ಅಡ್ಡಪಟ್ಟಿಯಾಗಿ ಬರುತ್ತದೆ. ಡಿಮ್ಮರ್ ಪೂರ್ತಿ ತಿರುಗಿಸಿ, ಸ್ಥಿರ ಡಿಸಿ ಕೊಟ್ಟ ಮೇಲೆ ಪಟ್ಟಿ ಹೋಯಿತು. ಒಂದು ಗಂಟೆ ಉರಿಸಿ ನೋಡಿದಾಗ ಕೋಣೆ 24 ಡಿಗ್ರಿ, ಗೇಟು 27. ಗೇಟು 30 ದಾಟಿದರೆ ಕೆಲಸ ನಿಲ್ಲಿಸುವುದೆಂದು ಗೆರೆ ಹಾಕಿಕೊಂಡದ್ದು. ಹ್ಯಾಲೊಜನ್ ಬಲ್ಬಿನ ಹಳೆಯ ಸ್ಲೈಡ್ ಕಾಪಿಯರ್ ಇದಕ್ಕೆ ಮುಟ್ಟಲೇಬಾರದು.

ಕ್ಯಾಮೆರಾ 36×24 ಮಿ.ಮೀ. ಸೆನ್ಸರಿನ 24 ಮೆಗಾಪಿಕ್ಸೆಲ್, 1:1 ಮ್ಯಾಕ್ರೋ ಲೆನ್ಸ್, ನೆಟ್ಟಗೆ ಕೆಳಗೆ ನೋಡುವ ಕಾಪಿ ಸ್ಟ್ಯಾಂಡ್. ಸೆನ್ಸರಿನ ಉದ್ದ ಬದಿ ಫಿಲ್ಮಿನ ಅಗಲಕ್ಕೆ ಸಮಾನಾಂತರವಾಗಿ. 36 ಮಿ.ಮೀ.ಗೆ 6000 ಪಿಕ್ಸೆಲ್; ಫಿಲ್ಮಿನ ಪೂರ್ತಿ ಅಗಲ ಎರಡೂ ಅಂಚಿನೊಂದಿಗೆ ಸರಿಯಾಗಿ ಹಿಡಿಸುತ್ತದೆ. ಮೂಕಿ ಫ್ರೇಮು 24×18 ಮಿ.ಮೀ., ಅಂದರೆ ಚಿತ್ರಕ್ಕೆ 4000×3000 ಪಿಕ್ಸೆಲ್. ಎತ್ತರದಲ್ಲಿ ಮೇಲೊಂದು ಕೆಳಗೊಂದು ಫ್ರೇಮಿನ 2.5 ಮಿ.ಮೀ.ಯಷ್ಟು ಸೇರಿಕೊಳ್ಳುತ್ತದೆ, ಅದು ಬೇಕು. ಎರಡು ಫ್ರೇಮಿನ ನಡುವಿನ ಗೆರೆ, ಜಾಯಿಂಟು ಎಲ್ಲಿದೆ ಎಂಬುದು ಅಲ್ಲೇ ಗೊತ್ತಾಗುವುದು. ಎಪಿಎಸ್‌ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾ ಇದ್ದರೆ 0.66 ಗಾತ್ರಕ್ಕೆ ಇಳಿಸಿ ಅಷ್ಟೇ ಪಿಕ್ಸೆಲ್ ಪಡೆಯಬಹುದು.

ಐಎಸ್‌ಒ 100, ಎಫ್ 8, ಸೆಕೆಂಡಿನ 30ನೇ ಒಂದು ಭಾಗ, ಎಲ್ಲ ಕೈಯಿಂದ ಹಾಕಿ ಬೀಗ. ವೈಟ್ ಬ್ಯಾಲೆನ್ಸ್ ಖಾಲಿ ಗೇಟಿಗೆ ಹೊಂದಿಸಿ ಅದಕ್ಕೂ ಬೀಗ. ಆಟೋ ಬಿಟ್ಟರೆ ನೀಲಿ ತುಂಡನ್ನು ಕ್ಯಾಮೆರಾ ಬೂದು ಮಾಡಲು ಹೆಣಗುತ್ತದೆ. ಫೋಕಸ್ ಮಾಡಬೇಕಾದ್ದು ಎಮಲ್ಷನ್ನಿನ ಕಣಕ್ಕೆ, ಮುಖಕ್ಕಲ್ಲ. ಮುಖ 1910ರ ದಶಕದಲ್ಲೇ ಮಸುಕಾಗಿ ಬಂದಿರಬಹುದು.

ಎಮಲ್ಷನ್ ಮೇಲೆ ಇಡಲು ಇನ್ನೊಂದು ಕಾರಣವಿದೆ. ನೆಗೆಟಿವ್‌ಗೆ ಮುಖ ಒತ್ತಿ ತೆಗೆದ ಕಾಂಟ್ಯಾಕ್ಟ್ ಪ್ರಿಂಟಿನಲ್ಲಿ ಎಮಲ್ಷನ್ ಕಡೆಯಿಂದ ನೋಡಿದಾಗ ಅಕ್ಷರ ನೇರವಾಗಿ ಓದಿಸಿಕೊಳ್ಳುತ್ತದೆ. ತಿರುಗುಮುರುಗಾಗಿ ಕಂಡರೆ ನಡುವೆ ಇನ್ನೊಂದು ನಕಲು ನಡೆದಿರಬಹುದು. ಹೊಳೆಯದ, ಮಂಕಾದ ಮುಖ ಎಮಲ್ಷನ್.

ರಿಪೇರಿ: ಎರಡೇ

ಮೊದಲು ಹೇಳಿದ ಕಟ್ಟಳೆಗೆ ಅಪವಾದವಾಗಿ, ಚಿತ್ರ ತೆಗೆಯುವ ಮುಂಚೆ ಮಾಡಿದ ರಿಪೇರಿ ಎರಡು. ತುಂಡು 1ರಲ್ಲಿ, ತುಂಡು 5ರಲ್ಲಿ ತೂತಿನಿಂದ ಹೊರಟ ಸೀಳು ಚಿತ್ರದೊಳಕ್ಕೆ ಹೊರಟಿತ್ತು. ಸರಿಸುವಾಗ ಇನ್ನೂ ಸೀಳಬಹುದು ಎಂದು ಒಂದು ತೂತಿನಷ್ಟು ಅಗಲದ ಪಾಲಿಯೆಸ್ಟರ್ ಸ್ಪ್ಲೈಸಿಂಗ್ ಟೇಪನ್ನು ಬೆನ್ನಿನ ಕಡೆ ಮಾತ್ರ ಹಚ್ಚಿದ್ದು. ಎಮಲ್ಷನ್ ಕಡೆಗೆ ಟೇಪು ಎಂದೂ ಬೇಡ. ಕಿತ್ತರೆ ಚಿತ್ರವೇ ಟೇಪಿಗೆ ಬರುತ್ತದೆ. ಅಂಗಡಿಯ ಸೆಲ್ಲೋಟೇಪು ಎರಡೂ ಕಡೆಗೆ ಬೇಡ. ವರ್ಷ ಕಳೆದರೆ ಹಾಳೆ ಉದುರಿ ಹಳದಿ ಗೋಂದು ಮಾತ್ರ ಉಳಿಯುತ್ತದೆ.

ಹಳೆಯ ಸಿಮೆಂಟ್ ಜಾಯಿಂಟುಗಳನ್ನು ಬಿಚ್ಚಿಲ್ಲ, ಮತ್ತೆ ಹಚ್ಚಿಲ್ಲ. ಸಿಮೆಂಟ್ ಜಾಯಿಂಟ್ ಹೊಸದಾಗಿ ಹಾಕಲು ಎಮಲ್ಷನ್ ಕೆರೆಯಬೇಕು, ಕೆರೆದರೆ ಫ್ರೇಮಿನ ಒಂದು ಪಟ್ಟಿ ಹೋಯಿತು. ಅದಕ್ಕಿಂತ ಮುಖ್ಯವಾದದ್ದು ಜಾಯಿಂಟ್ ಹೇಳುವ ಮಾತು. ಮೂಕಿ ಕಾಲದಲ್ಲಿ ಒಂದೊಂದು ಬಣ್ಣದ ಭಾಗವನ್ನು ಬೇರೆ ಬೇರೆ ಅದ್ದಿ, ಒಣಗಿಸಿ, ಕೊನೆಗೆ ಜೋಡಿಸುತ್ತಿದ್ದರು. ತುಂಡು 1ರಲ್ಲಿ ಕಂದು ಹಳದಿಯಿಂದ ಬಿಳಿಗೆ ತಿರುಗುವ ಜಾಗದಲ್ಲಿ ಇರುವ ಜಾಯಿಂಟ್ ಪ್ರಿಂಟ್ ತಯಾರಾದ ದಿನದ್ದು. ಅದೇ ತುಂಡಿನ ಇನ್ನೊಂದು ಜಾಯಿಂಟ್ ಒಂದು ಫ್ರೇಮಿನ ನಡುವೆ ಓರೆಯಾಗಿ ಬಿದ್ದಿದೆ, ಅದು ಆಟಿಕೆ ಮಾರಿದವನ ಕತ್ತರಿ. ಮೊದಲನೆಯದರ ಆಚೀಚೆ ಇರುವುದು ಒಂದೇ ಚಿತ್ರ. ಎರಡನೆಯದರ ಆಚೀಚೆ ಇರುವುದಕ್ಕೆ ಆ ಖಾತ್ರಿ ಇಲ್ಲ. ತುಂಡು 2ರ ಎರಡು ತುದಿಯನ್ನೂ ಸೇರಿಸಿ ಬಳೆಯಂತೆ ಮಾಡಿದ್ದಾರೆ, ಕೈ ತಿರುಗಿಸಿದಷ್ಟು ಹೊತ್ತು ಅದೇ ದೃಶ್ಯ ಬರಲಿ ಎಂದು. ಅದನ್ನು ಬಳೆಯಾಗಿಯೇ ಉಳಿಸಿ ಗೇಟಿನಲ್ಲಿ ಸುತ್ತಿಸಿದ್ದು.

ಒರೆಸುವ ವಿಷಯ. ತುಂಡು 3 ನೀಲಿ. ಬೆಳಕಿನ ಭಾಗ, ತೂತಿನ ಸುತ್ತಲ ಅಂಚು ಎಲ್ಲವೂ ನೀಲಿಯಾಗಿರುವುದರಿಂದ ಇದು ಬಣ್ಣದಲ್ಲಿ ಅದ್ದಿದ್ದು, ಟಿಂಟಿಂಗ್. ಕಪ್ಪು ಭಾಗ ಮಾತ್ರ ಬಣ್ಣಕ್ಕೆ ತಿರುಗಿ ಬಿಳಿ ಬಿಳಿಯಾಗಿಯೇ ಇದ್ದರೆ ಅದು ಟೋನಿಂಗ್, ಬೆಳ್ಳಿಯನ್ನೇ ರಸಾಯನದಿಂದ ಮಾರ್ಪಡಿಸಿದ್ದು. ಶೇ. 99 ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಕಡ್ಡಿ ಒದ್ದೆ ಮಾಡಿ, ತೂತಿನ ಹೊರಗಿನ ಅಂಚಿಗೆ ಒಂದು ಸಲ ತಾಗಿಸಿದಾಗ ಕಡ್ಡಿಗೆ ನಸುನೀಲಿ ಬಂತು. ಅಲ್ಲಿಗೆ ಒದ್ದೆ ಒರೆಸುವಿಕೆ ಎಲ್ಲ ತುಂಡಿಗೂ ರದ್ದು. ಮೆತ್ತನೆಯ ಆಡಿನ ಕೂದಲ ಬ್ರಷ್ಷಿನಿಂದ ದೂಳು ಜಾಡಿಸಿದ್ದು ಬಿಟ್ಟರೆ ಬೇರೇನಿಲ್ಲ. ನೀರು ಜಿಲಾಟಿನನ್ನು ಮೆತ್ತಗೆ ಮಾಡುತ್ತದೆ. ಅಸಿಟೋನ್ ಫಿಲ್ಮನ್ನೇ ಕರಗಿಸುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲೂ ಅದು ಇರುತ್ತದೆ ಎಂಬುದು ನೆನಪಿರಲಿ. ದೊಡ್ಡ ಲ್ಯಾಬುಗಳಲ್ಲಿ ಗೀರು ಮುಚ್ಚಲು ಫಿಲ್ಮಿನಷ್ಟೇ ಬೆಳಕು ಬಾಗಿಸುವ ದ್ರವದಲ್ಲಿ ಮುಳುಗಿಸಿ ನಕಲು ತೆಗೆಯುತ್ತಾರೆ. ಅದಕ್ಕೆ ಬಳಸುವ ಪರ್‌ಕ್ಲೋರೋಎಥಿಲೀನ್ ಮೇಜಿನ ಮೇಲಿಡುವ ವಸ್ತುವಲ್ಲ.

ತುಂಡು 6ಕ್ಕೆ ಕೈ ಹಾಕಿಲ್ಲ. ಅಂಟಿದ ಸುತ್ತನ್ನು ಎಳೆದರೆ ಒಂದು ಸುತ್ತಿನ ಎಮಲ್ಷನ್ ಇನ್ನೊಂದರ ಬೆನ್ನಿಗೆ ಹೋಗುತ್ತದೆ. ಹೊರಗಿನ 9 ಫ್ರೇಮನ್ನು ಸುರುಳಿ ತಿರುಗಿಸುತ್ತ, ಮೇಲಿನಿಂದ ಬೀಳುವ ಬೆಳಕಿನಲ್ಲಿ, ಗೇಟಿಲ್ಲದೆ ತೆಗೆದದ್ದಷ್ಟೇ.

ತೆಗೆದ ಮೇಲೆ

ನಿಮಿಷಕ್ಕೆ ಮೂರು ನಾಲ್ಕು ಫ್ರೇಮಿನಂತೆ 628, ಸುರುಳಿಯಿಂದ 9, ಒಟ್ಟು 637 ರಾ ಫೈಲು, 18 ಜಿಬಿಯಷ್ಟು. ಎಣಿಕೆ ಮೊದಲು ಬರೆದಿಟ್ಟದ್ದು ಇಲ್ಲಿ ಕೆಲಸಕ್ಕೆ ಬಂತು. ತುಂಡು 3ರಲ್ಲಿ 131ರ ಬದಲು 130 ಬಂದಿತ್ತು, ಕತ್ತಲ ದೃಶ್ಯದಲ್ಲಿ ಒಂದು ಫ್ರೇಮ್ ಹಾರಿಹೋಗಿತ್ತು. ಎಣಿಸಿರದಿದ್ದರೆ ಅದು ಮೂಲದಲ್ಲೇ ಇಲ್ಲ ಎಂದು ದಾಖಲಾಗುತ್ತಿತ್ತು.

ಡಾರ್ಕ್‌ಟೇಬಲ್‌ನಲ್ಲಿ ಖಾಲಿ ಗೇಟಿನ ಚಿತ್ರದಿಂದ ಬೆಳಕಿನ ಏರುಪೇರು ಸರಿಪಡಿಸಿ 16 ಬಿಟ್ ಟಿಫ್ ತೆಗೆದರೆ ಒಂದಕ್ಕೆ 144 ಎಂಬಿ, ಎಲ್ಲಕ್ಕೂ 92 ಜಿಬಿ. ಕಪ್ಪುಬಿಳುಪು ತುಂಡನ್ನೂ ಬಣ್ಣದಲ್ಲೇ ಇಡಬೇಕು. ಮಾಸಿದ ಹಳದಿ, ಕಲೆಯ ಕಂದು, ಬೆಳ್ಳಿಯ ಬೂದು ಬೇರೆ ಬೇರೆಯಾಗಿ ಕಾಣುವುದು ಹಾಗೆ ಮಾತ್ರ.

ಫ್ರೇಮುಗಳನ್ನು ಒಂದರ ಮೇಲೊಂದು ಅಲುಗದಂತೆ ಕೂರಿಸಲು ಓಪನ್‌ಸಿವಿ ಎಂಬ ಮುಕ್ತ ತಂತ್ರಾಂಶ ಬಳಸಿ ತೂತು ಗುರುತಿಸುವ ಸಣ್ಣ ಪ್ರೋಗ್ರಾಂ. ಮೊದಲು ತೂತಿನ ನಡುಬಿಂದು ಹಿಡಿದಾಗ ಚಿತ್ರ ಕುಣಿಯಿತು. ಆಟಿಕೆಯ ಉಗುರು ಫಿಲ್ಮನ್ನು ಕೆಳಕ್ಕೆಳೆಯುವಾಗ ಒತ್ತುವುದು ತೂತಿನ ಕೆಳಂಚನ್ನು, ಹಾಗಾಗಿ ಕೆಳಂಚು ಒಂದೊಂದರಲ್ಲಿ ಒಂದೊಂದು ರೀತಿ ಜಜ್ಜಿದೆ, ನಡುಬಿಂದುವೂ ಅದರ ಜೊತೆ ಸರಿಯುತ್ತದೆ. ಮೇಲಂಚನ್ನು ಮಾತ್ರ ಆಧಾರ ಮಾಡಿಕೊಂಡ ಮೇಲೆ ನಿಂತಿತು. ಎರಡೂ ಸಾಲಿನ ತೂತು ಹರಿದ 11 ಫ್ರೇಮುಗಳನ್ನು ಫ್ರೇಮ್ ಗೆರೆ ನೋಡಿ ಕೈಯಿಂದ ಕೂರಿಸಿದ್ದು.

ಮೂಲ ಪ್ರತಿ ಎಂದು ಇಡುವುದು ಅಲುಗಾಟ ತೆಗೆಯದ, ಅಂಚು ಕತ್ತರಿಸದ ಟಿಫ್ ಸಾಲು. ಅದರ ಜೊತೆ ನಷ್ಟವಿಲ್ಲದೆ ಕುಗ್ಗಿಸುವ ಎಫ್‌ಎಫ್‌ವಿ1 ಕೋಡೆಕ್ಕಿನಲ್ಲಿ ಮಟ್ರೋಸ್ಕಾ ಫೈಲು. 2021ರಲ್ಲಿ ಆರ್‌ಎಫ್‌ಸಿ 9043 ಎಂದು ಪ್ರಕಟವಾದ ಮುಕ್ತ ವಿವರಣೆ ಇದಕ್ಕಿದೆ; 30 ವರ್ಷ ಬಿಟ್ಟೂ ಯಾರಾದರೂ ಓದುವ ಪ್ರೋಗ್ರಾಂ ಬರೆಯಬಹುದು. ಪ್ರತಿ ಫೈಲಿಗೂ ಎಸ್‌ಎಚ್‌ಎ 256 ಮೊತ್ತ (ಫೈಲು ಬದಲಾಗಿದೆಯೇ ಎಂದು ಪರೀಕ್ಷಿಸುವ ಸಂಖ್ಯೆ) ಒಂದು ಪಠ್ಯ ಕಡತದಲ್ಲಿ. ಮೂರು ಪ್ರತಿ, ಎರಡು ಬಗೆಯ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ.

ನೋಡಲೆಂದು ಮಾಡುವ ಪ್ರತಿಗೆ ವೇಗ ಎಷ್ಟು? ಮೂಕಿ ಚಿತ್ರಗಳು ಸೆಕೆಂಡಿಗೆ 16ರಿಂದ 24 ಫ್ರೇಮ್ ನಡುವೆ ಎಲ್ಲಿಯೂ ಇರಬಹುದು. 18ರಲ್ಲಿ ನಡಿಗೆ ಸಹಜವಾಗಿ ಕಂಡಿತು, ಎಲ್ಲ ಸೇರಿ 35 ಸೆಕೆಂಡ್. ಮೂಲ ಸಾಲಿಗೆ ವೇಗದ ಹಂಗಿಲ್ಲ, ಅದು ಬರೀ ಚಿತ್ರಗಳ ಸಾಲು. ಎಐ ಹಾಕಿ 4ಕೆ ಮಾಡಿ, ಬಣ್ಣ ತುಂಬಿ, 60 ಫ್ರೇಮ್ ಮಾಡಿ ಬಿಡುವ ಚಟಕ್ಕೆ ಇಲ್ಲಿ ಜಾಗವಿಲ್ಲ. ಗುರುತು ಹಿಡಿಯಬೇಕಾದ ಮುಖದ ಮೇಲೆ ಯಂತ್ರ ಊಹಿಸಿದ ಇನ್ನೊಂದು ಮುಖ ಕೂತರೆ ಗುರುತಿಸುವವರು ಏನನ್ನು ನೋಡಬೇಕು?

ಅಂಚಿನಲ್ಲಿ ಸಿಕ್ಕಿದ್ದು

ತುಂಡು 1ರ ಅಂಚಿನಲ್ಲಿ ಕಪ್ಪು ಅಕ್ಷರದ ಈಸ್ಟ್‌ಮನ್ ಹೆಸರು, ಪಕ್ಕದಲ್ಲಿ ಒಂದೇ ಒಂದು ಚೌಕ. ಕೊಡಾಕ್ 1916ರಿಂದ ತಯಾರಿಕೆಯ ವರ್ಷಕ್ಕೆ ಇಂಥ ಚಿಹ್ನೆ ಹಾಕುತ್ತಿತ್ತು: 1916ಕ್ಕೆ ವೃತ್ತ, 1917ಕ್ಕೆ ಚೌಕ, 1918ಕ್ಕೆ ತ್ರಿಕೋನ. 20 ವರ್ಷಕ್ಕೊಮ್ಮೆ ಅದೇ ಚಿಹ್ನೆ ಮರಳುತ್ತದೆ, ಆದ್ದರಿಂದ ಚೌಕ ಎಂದರೆ 1917, 1937 ಅಥವಾ 1957. ಇಲ್ಲಿ ತೂತಿನ ಆಕಾರ ಸಾಕ್ಷಿಗೆ ಬರುತ್ತದೆ. ಮೇಲೆ ಕೆಳಗೆ ನೇರ, ಎರಡು ಬದಿ ಕಮಾನು, ಅದು ಬೆಲ್ ಅಂಡ್ ಹೋವೆಲ್ ತೂತು. ಮೂಲೆ ಮಾತ್ರ ದುಂಡಾದ ಆಯತ ಕೊಡಾಕ್ ಸ್ಟ್ಯಾಂಡರ್ಡ್, ಪ್ರಿಂಟ್ ಫಿಲ್ಮಿಗೆ ಅದು ಬಂದದ್ದು 1924ರ ಸುಮಾರಿಗೆ. ನಮ್ಮದು ಕಮಾನಿನದು, ಧ್ವನಿಪಟ್ಟಿಯೂ ಇಲ್ಲ. ಆದ್ದರಿಂದ ಫಿಲ್ಮು 1917ರದ್ದು. ಆದರೆ ಇದು ಕಚ್ಚಾ ಫಿಲ್ಮು ತಯಾರಾದ ವರ್ಷ ಮಾತ್ರ. ಪ್ರಿಂಟು ಒಂದೆರಡು ವರ್ಷ ತಡವಾಗಿರಬಹುದು, ಚಿತ್ರ ಅದಕ್ಕಿಂತ ಹಳೆಯದಿರಬಹುದು.

ತುಂಡು 5ರಲ್ಲಿ ಗೋಡೆ, ಬಾಗಿಲ ಚೌಕಟ್ಟು, ನೆಲದ ಅಂಚನ್ನು ಫ್ರೇಮ್ ಫ್ರೇಮಾಗಿ ಹುಡುಕಿದ್ದು ಲಾಂಛನಕ್ಕಾಗಿ. ಕಳ್ಳಪ್ರಿಂಟಿನ ಕಾಟಕ್ಕೆ ಆ ಕಾಲದ ಕಂಪನಿಗಳು ಸೆಟ್ಟಿನ ಗೋಡೆಗೇ ಗುರುತು ಹೊಡೆಯುತ್ತಿದ್ದವು, ಪಾಥೆಯ ಹುಂಜ, ಬಯೋಗ್ರಾಫಿನ 'ಎಬಿ' ಹೀಗೆ. ಇದರಲ್ಲಿ ಇಲ್ಲ. ಲಾಂಛನ ಸಿಕ್ಕಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು.

ಮುಂದಿನದು ಹಳೆಯ ಪತ್ರಿಕೆಗಳ ಕೆಲಸ. ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಆ ಕಾಲದ ಸಿನಿಮಾ ಪತ್ರಿಕೆಗಳು ಸ್ಕ್ಯಾನಾಗಿವೆ, ಹುಡುಕಲು ಬರುತ್ತದೆ. ನಟರ ಹೆಸರಿಲ್ಲದಿರುವಾಗ ಹುಡುಕಬೇಕಾದ್ದು ವಸ್ತು: ತುಂಡು 3ರ ಮೋಟರು ಕಾರಿನ ಮುಂಭಾಗ, ಪೊಲೀಸರ ಟೊಪ್ಪಿ, ಅಂಗಡಿ ಫಲಕದ ಅರ್ಧ ಪದ. ಅಮೆರಿಕದ ಕಲ್ಪೆಪರ್‌ನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುತ್ತಿದ್ದ 'ಮೋಸ್ಟ್ಲಿ ಲಾಸ್ಟ್' ಕಮ್ಮಟದ ಕ್ರಮವೂ ಇದೇ. ಹೆಸರಿಲ್ಲದ ತುಂಡನ್ನು ಪರದೆಗೆ ಬಿಟ್ಟು, ಕೂತವರು ಕಂಡದ್ದನ್ನು ಕೂಗಿ ಹೇಳುವುದು. ಕಾರು ಬಲ್ಲವನೊಬ್ಬ, ಟೊಪ್ಪಿ ಬಲ್ಲವಳೊಬ್ಬಳು, ಊರಿನ ಬೀದಿ ಬಲ್ಲವನೊಬ್ಬ.

ನಮ್ಮ ಕಡೆ ಡಬ್ಬಿ ತೆರೆಯುವವರಿಗೆ ಒಂದು ಮಾತು. ಜಾತ್ರೆಯ ಬಯಾಸ್ಕೋಪ್ ಪೆಟ್ಟಿಗೆ, ಟೂರಿಂಗ್ ಟಾಕೀಸಿನ ಗುಜರಿ, ಬಲ್ಬಿನ ಎದುರು ಭೂತಗನ್ನಡಿ ಹಿಡಿದು ಮಕ್ಕಳು ನೋಡುತ್ತಿದ್ದ ತುಂಡುಗಳಲ್ಲಿ ಹೆಚ್ಚಿನವು 1950ರ ಈಚಿನ ಸೇಫ್ಟಿ ಫಿಲ್ಮು. ಆದರೂ ಅಂಚು ಓದದೆ ಎಸೆಯಬೇಡಿ. 1934ರಲ್ಲಿ ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಪ್ರಿಂಟು ಉಳಿದಿಲ್ಲ. ಬೆಂಗಳೂರಿನ ಸೂರ್ಯ ಫಿಲ್ಮ್ ಕಂಪನಿ ಅದಕ್ಕೂ ಮೊದಲು ಮೂಕಿ ಚಿತ್ರ ತೆಗೆಯುತ್ತಿತ್ತು. ಒಂದು ಬದಿಯ ತೂತಿನ ಒಳಗೆ 2.5 ಮಿ.ಮೀ. ಅಗಲದ ಧ್ವನಿಪಟ್ಟಿ ಇದ್ದರೆ ವಾಕ್ಚಿತ್ರ. ಪಟ್ಟಿ ಇಲ್ಲದೆ ಚಿತ್ರ ತೂತಿನಿಂದ ತೂತಿನವರೆಗೆ ತುಂಬಿದ್ದು, ಅಕ್ಷರದ ಫಲಕದಲ್ಲಿ ಇಂಗ್ಲಿಷಿನ ಜೊತೆ ನಮ್ಮ ಭಾಷೆಯ ಸಾಲೂ ಇದ್ದರೆ ತಕ್ಷಣ ಮುಚ್ಚಿಟ್ಟು ಫೋನು ಮಾಡಿ.

ಯಾರಿಗೆ? ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಂದಿಗೆ (ಎನ್‌ಎಫ್‌ಡಿಸಿ) ಸೇರಿದೆ. ಮುಂಬಯಿಯಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಇದೆ. ಮೊದಲು ಮಾತಾಡಿ, ಆಮೇಲೆ ಸಾಗಿಸಿ. ನೈಟ್ರೇಟನ್ನು ಅಂಚೆಗೆ, ಕೊರಿಯರಿಗೆ, ಬಸ್ಸಿನ ಲಗೇಜಿಗೆ ಹಾಕುವಂತಿಲ್ಲ. ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಅದು ಯುಎನ್ 1324, ದರ್ಜೆ 4.1. ದೀರ್ಘಕಾಲ ಇಡುವ ಉಗ್ರಾಣಕ್ಕೆ 2 ಡಿಗ್ರಿ ಸುಮಾರಿನ ತಂಪು, ಶೇ. 30ರ ಒಳಗಿನ ತೇವ ಬೇಕು. ಮನೆಯಲ್ಲಿ ಅದು ಆಗದ ಮಾತು.

ಒಪ್ಪಿಸುವ ಹೊತ್ತಿಗೆ ನಾಲ್ಕು ಸುರುಳಿಗಳು 75 ಮಿ.ಮೀ. ಪ್ಲಾಸ್ಟಿಕ್ ಕೋರಿನ ಮೇಲೆ ಸಡಿಲವಾಗಿ ಕೂತಿವೆ, ಬಳೆ ಮತ್ತು ಅಂಟಿದ ತುಂಡು 6 ಮಾತ್ರ ಕೋರಿಲ್ಲದೆ. ಸುತ್ತ ಆಮ್ಲರಹಿತ ಕಾಗದ, ಗಾಳಿಯಾಡುವ ಪಾಲಿಪ್ರೊಪಿಲೀನ್ ಡಬ್ಬಿ. ಗಾಳಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಹೊಮ್ಮಿದ ಆಮ್ಲವೇ ತಿರುಗಿ ಫಿಲ್ಮನ್ನು ತಿನ್ನುತ್ತದೆ. ತುಂಡು 4 ಬೇರೆ ಡಬ್ಬಿಯಲ್ಲಿ. ತುಕ್ಕಿನ ಹಳೆಯ ಡಬ್ಬಿಯೂ ಬೇರೆ ಪೊಟ್ಟಣವಾಗಿ ಜೊತೆಗಿದೆ, ಅದರ ತಳದ ಹರಿದ ಬೆಲೆಚೀಟಿಯ ಮೇಲೆ ಮೂರು ಅಕ್ಷರ ಉಳಿದಿವೆ. ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದದ್ದು: ತುಂಡು 1, 2, 3, 5, 6 ನೈಟ್ರೇಟ್. ಹೆಸರು ಗುರುತಾಗಿಲ್ಲ. ತುಂಡು 1ರ 87ನೇ ಫ್ರೇಮಿನ ಜಾಯಿಂಟ್ ಮೂಲದ್ದು, ಬಿಚ್ಚಬೇಡಿ. ತುಂಡು 6 ಬಿಡಿಸಿಲ್ಲ.